ಹ್ಞೂಂ ಅಂದ ಬಣ್ಣ

ಬಣ್ಣದ ವಿಷಯದಲ್ಲಿ ಮಾಸ್ಟರಿಗೆ ಕೊಂಬು ಬಂದು ಬಹಳ ಕಾಲವಾಗಿತ್ತು. ಕೋಟು ಪ್ಯಾಂಟು ಹೊಲಿಯುವವರು ಆ ಬೀದಿಯಲ್ಲಿ ಇನ್ನೂ ಕೆಲವರಿದ್ದರು. ಆದರೆ ಬಟ್ಟೆಗೆ ಹೊಂದುವ ದಾರ, ದಾರಕ್ಕೆ ಹೊಂದುವ ಗುಂಡಿ, ಗುಂಡಿಗೆ ಹೊಂದುವ ಲೈನಿಂಗು, ಇಷ್ಟನ್ನೂ ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಮನಸ್ಸಿನಲ್ಲೇ ಜೋಡಿಸಿಬಿಡುವವರು ಇವರೊಬ್ಬರೇ. ಜನ ಅವರ ಹೆಸರು ಮರೆತು ಮ್ಯಾಚಿಂಗ್ ಮಾಸ್ಟರ್ ಎಂದು ಕರೆಯುತ್ತಿದ್ದರು. ಕರೆಸಿಕೊಂಡು ಕರೆಸಿಕೊಂಡು ಅವರೂ ಹೆಸರು ಮರೆತಂತಿದ್ದರು. ಯಾರಾದರೂ ಬಂದು, ನೀಲಿ, ಆದರೆ ಅಷ್ಟೇನೂ ನೀಲಿಯಲ್ಲ, ಸ್ವಲ್ಪ ಹಸಿರಿನ ಕಡೆಗೆ ವಾಲಿದ್ದು ಎಂದು ಶುರುಮಾಡಿದರೆ ಸಾಕು, ಮಾಸ್ಟರು ಕತ್ತರಿಯನ್ನು ಮೇಜಿನ ಮೇಲೆ ಟಕ್ಕನೆ ಕುಟ್ಟಿ ಒಂದೇ ಮಾತು ಹೇಳುತ್ತಿದ್ದರು: "ಬಾಯಲ್ಲಿ ಬಣ್ಣ ಹೇಳ್ಬೇಡಿ. ತುಂಡು ತನ್ನಿ."

ಇಂಥ ಮಹಾನುಭಾವರ ಸ್ವಂತ ಕಾರು ಮಾತ್ರ ಬಣ್ಣವಿಲ್ಲದೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಗುಜರಿ ಅಂಗಡಿಯಿಂದ ಹಗ್ಗ ಕಟ್ಟಿ ಎಳೆದು ತಂದಾಗ ಅದರ ಹಿಂದಿನ ಸೀಟಿನಲ್ಲಿ ಹುಲ್ಲು ಬೆಳೆದಿತ್ತು, ಮುಂದಿನ ಸೀಟಿನಲ್ಲಿ ಬೆಕ್ಕೊಂದು ಮರಿ ಹಾಕಿಕೊಂಡು ಹಾಯಾಗಿತ್ತು. ಮಾಸ್ಟರು ವರ್ಷಗಟ್ಟಲೆ ಭಾನುವಾರಗಳನ್ನು ಅದಕ್ಕೆ ಸುರಿದರು. ತುಕ್ಕು ಕೆರೆದರು, ತೂತಿಗೆ ತಗಡು ಬೆಸೆಸಿದರು, ಎಂಜಿನ್ ಬಿಚ್ಚಿ ಜೋಡಿಸಿ, ಮಿಕ್ಕ ನಟ್ಟುಗಳನ್ನು ಹೆಂಡತಿಗೆ ಕಾಣದಂತೆ ಡಬ್ಬಿಗೆ ಹಾಕಿ, ಮತ್ತೆ ಬಿಚ್ಚಿದರು. ಅಂತೂ ಅದು ಓಡುವ ಸ್ಥಿತಿಗೆ ಬಂತು. ಸೀಟಿನ ಹೊದಿಕೆಗಳನ್ನಂತೂ ತಾವೇ ಹೊಲಿದರು. ಯಾವ ಮದುವಣಿಗನ ಕೋಟಿಗೂ ಅಂಥ ಹೊಲಿಗೆ ಬಿದ್ದಿರಲಿಲ್ಲ. ಮೈಗೆ ಪುಟ್ಟಿ ಹಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಇಟ್ಟಿಗೆ ಬಣ್ಣದ ಪ್ರೈಮರ್ ಬಳಿದದ್ದೂ ಆಗಿತ್ತು. ಹೆಂಡತಿ ಮಾತ್ರ ಅದನ್ನು ಕಾರು ಎಂದು ಒಮ್ಮೆಯೂ ಕರೆದಿರಲಿಲ್ಲ. ಆಕೆಯ ಪಾಲಿಗೆ ಅದು ತಗಡು. ಊಟಕ್ಕೆ ಕರೆಯುವಾಗಲೂ, ತಗಡಿನಿಂದ ಆಚೆ ಬನ್ನಿ ಎಂದೇ ಕರೆಯುತ್ತಿದ್ದಳು. ಒಂದು ಸಲವಾದರೂ ಒಳಗೆ ಕೂತು ನೋಡು ಎಂದು ಮಾಸ್ಟರು ಅಂಗಲಾಚಿದಾಗೆಲ್ಲ, ಮೊದಲು ಬಣ್ಣ ಆಗಲಿ, ಆಮೇಲೆ ಕೂರುತ್ತೇನೆ ಎನ್ನುತ್ತಿದ್ದಳು.

ಬಣ್ಣ ಯಾವುದೆಂದು ತೀರ್ಮಾನವೂ ಆಗಿತ್ತು. ಹೆಂಡತಿ ಹೇಳಿದ್ದಳು, ಮಾಸ್ಟರು ಹ್ಞೂಂ ಅಂದಿದ್ದರು. ತೊಂದರೆ ಇಷ್ಟೇ: ಆಕೆ ಏನು ಹೇಳಿದ್ದಳು ಎಂಬುದು ಮಾಸ್ಟರಿಗೆ ಗೊತ್ತಿರಲಿಲ್ಲ.

ಈ ಹ್ಞೂಂ ಬಗ್ಗೆ ಸ್ವಲ್ಪ ಹೇಳಲೇಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಮಾಸ್ಟರ ಹೊಲಿಗೆ ಮಿಷನ್ನು, ಅದರ ಎದುರಿಗೆ ಹೆಂಡತಿಯ ಕುರ್ಚಿ. ಇವರು ಹೊಲಿದದ್ದಕ್ಕೆ ಆಕೆ ಕಾಜ ಹಾಕಿ, ಗುಂಡಿ ಕೂರಿಸಿ, ಅಂಚು ಮಡಿಸಿ ಕೈಹೊಲಿಗೆ ಹಾಕುತ್ತಿದ್ದಳು. ಕೈ ಓಡಿದಂತೆ ಬಾಯೂ ಓಡುತ್ತಿತ್ತು. ಬೀದಿಯ ಸುದ್ದಿ, ತವರಿನ ಸುದ್ದಿ, ನಲ್ಲಿ ಸೋರುವುದು, ಪಕ್ಕದ ಮನೆಯವಳ ಮೊಣಕಾಲು, ಎಲ್ಲವೂ ಅದರಲ್ಲಿ ಬಂದು ಹೋಗುತ್ತಿದ್ದವು. ಮಾಸ್ಟರ ತುಟಿಗಳ ನಡುವೆ ಸದಾ ಗುಂಡುಸೂಜಿ. ಬಾಯಿ ತೆರೆಯುವಂತಿಲ್ಲ. ಹಾಗಾಗಿ ಮೂಗಿನಿಂದಲೇ ಹ್ಞೂಂ ಅನ್ನುವುದು ರೂಢಿಯಾಯಿತು. ಹೋಗಹೋಗುತ್ತಾ ಅದರಲ್ಲೂ ಕೈ ಪಳಗಿತು: ಸಾವಿನ ಸುದ್ದಿಗೆ ಇಳಿಯುವ ಹ್ಞೂಂ, ಜಗಳದ ಸುದ್ದಿಗೆ ಏರುವ ಹ್ಞೂಂ, ಉಳಿದದ್ದಕ್ಕೆಲ್ಲ ಸಾದಾ ಹ್ಞೂಂ. ಮಾತು ಕಿವಿಗೆ ಬೀಳದಿದ್ದರೂ ಹ್ಞೂಂ ಮಾತ್ರ ಅಳತೆಗೆ ಸರಿಯಾಗಿ ಕೂರುತ್ತಿತ್ತು. ಈ ವಿದ್ಯೆಯ ಬಗ್ಗೆ ಮಾಸ್ಟರಿಗೆ ಒಳಗೊಳಗೇ ಹೆಮ್ಮೆ ಬೇರೆ.

ಆ ಹೆಮ್ಮೆ ಇಳಿದದ್ದು ಅತ್ತೆಯವರ ಕಣ್ಣಿನ ಆಪರೇಷನ್ನಿನ ದಿನ. ಶುಕ್ರವಾರ ಆಸ್ಪತ್ರೆಗೆ ನೀವೂ ಬರುತ್ತೀರಲ್ಲ ಎಂದು ಹೆಂಡತಿ ಕೇಳಿದ್ದಳಂತೆ, ಇವರು ಹ್ಞೂಂ ಅಂದಿದ್ದರಂತೆ. ಶುಕ್ರವಾರ ಬೆಳಿಗ್ಗೆ ಮಾಸ್ಟರು ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಸೈಲೆನ್ಸರಿನ ಜೊತೆ ಗುದ್ದಾಡುತ್ತಿದ್ದರು. ಆಕೆ ಕೋಟು ತೊಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಮೆಟ್ಟಿಲ ಮೇಲೆ ಕಾದಳು. ಆಮೇಲೆ ಒಬ್ಬಳೇ ಬಸ್ಸು ಹತ್ತಿ ಹೋದಳು. ಸಂಜೆ ಬಂದವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಮಾಸ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇನ್ನೊಂದು ಸಲ ನಿಮ್ಮ ಹ್ಞೂಂ ಪೊಳ್ಳು ಅಂತ ಗೊತ್ತಾದ್ರೆ ನಿಮ್ಗೆ ಏನನ್ನೂ ಹೇಳೋದೇ ಇಲ್ಲ ನಾನು," ಎಂದಳು. "ಗೋಡೆಗೆ ಹೇಳ್ಕೋತೀನಿ. ಗೋಡೆ ಕೇಳಿಸ್ಕೊಳ್ಳೋ ಹಾಗೆ ನಾಟಕ ಆಡಲ್ಲ."

ಮಾಸ್ಟರಿಗೆ ನಿಜವಾಗಿ ಭಯವಾಯಿತು. ಆಕೆಯ ಮಾತು ಅವರು ಕೇಳಿಸಿಕೊಳ್ಳುತ್ತಿರಲಿಲ್ಲ, ಸರಿ. ಆದರೆ ಆ ಮಾತಿಲ್ಲದೆ ಅವರಿಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳುತ್ತಿರಲಿಲ್ಲ. ಆಕೆ ತವರಿಗೆ ಹೋದ ವಾರ ಒಬ್ಬ ವಕೀಲರ ಕೋಟಿಗೆ ಎಡತೋಳನ್ನು ಬಲಕ್ಕೆ ಕೂರಿಸಿ ಮರ್ಯಾದೆ ಕಳೆದುಕೊಂಡಿದ್ದರು. ಎದುರಿನ ಕುರ್ಚಿಯಲ್ಲಿ ಆಕೆ ಕೂತೂ ಮಾತಾಡದೇ ಇರುವುದನ್ನು ಊಹಿಸಿಕೊಳ್ಳುವುದೂ ಅವರಿಂದಾಗುತ್ತಿರಲಿಲ್ಲ. ಕೆಲವು ದಿನ ಕಣ್ಣು ಕಿವಿ ಎರಡನ್ನೂ ಅಗಲಿಸಿಕೊಂಡು ಕೇಳಿದರು. ಆಮೇಲೆ ಕೆಲಸ ಹೆಚ್ಚಾಯಿತು, ಗುಂಡುಸೂಜಿ ಬಾಯಿಗೆ ಬಂತು, ಹ್ಞೂಂ ವಾಪಸು ಬಂತು.

ಹಾಗೆ ಬಂದ ಹ್ಞೂಂಗಳಲ್ಲೇ ಈ ಬಣ್ಣದ ಹ್ಞೂಂ ಸೇರಿತ್ತು. ಮಾಸ್ಟರಿಗೆ ನೆನಪಿದ್ದದ್ದು ಇಷ್ಟು: ಯಾವುದೋ ಕಾಲರ್ ಕೂರಿಸುತ್ತಿದ್ದರು, ಮಿಷನ್ನು ಓಡುತ್ತಿತ್ತು ಎಂದು ಅವರ ಲೆಕ್ಕ, ಆಕೆಯ ಮಾತಿನ ನಡುವೆ 'ತಗಡು' ಎಂದೂ 'ಬಣ್ಣ' ಎಂದೂ ಕೇಳಿಸಿತು. ಹ್ಞೂಂ ಎಂದರು. ಕೊನೆಗೆ "ನೆನಪಿರುತ್ತಲ್ಲ?" ಎಂದು ಕೇಳಿದಳು. ಅದಕ್ಕೂ ಹ್ಞೂಂ ಎಂದರು. ನಡುವಿನದ್ದು ಗಾಳಿಗೆ ಹೋಯಿತು. ಒಂದಲ್ಲ, ಎರಡು ಹ್ಞೂಂ ಕೊಟ್ಟು ಸಿಕ್ಕಿಹಾಕಿಕೊಂಡ ಇಂಥ ಬುದ್ಧಿವಂತ ಇನ್ನೆಲ್ಲಿ ಸಿಗಬೇಕು ಎಂದು ಅವರು ತಮಗೆ ತಾವೇ ಛೀಮಾರಿ ಹಾಕಿಕೊಂಡರು.

ಮತ್ತೆ ಕೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಅಂದಾರು. ಕೇಳಿದರೆ ಹ್ಞೂಂ ಪೊಳ್ಳಾಗಿತ್ತು ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಆಕೆಯ ಮಾತು ಬಂದ್. ಆದ್ದರಿಂದ ಮಾಸ್ಟರು ಕೇಳದೆಯೇ ತಿಳಿದುಕೊಳ್ಳುವ ದಾರಿ ಹಿಡಿದರು. ನೆಟ್ಟಗಿನ ದಾರಿ ಬಿಟ್ಟು ಊರೆಲ್ಲ ಸುತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಮೊದಲು ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರ ಹತ್ತಿರ ಬಣ್ಣಗಳ ಶೇಡ್ ಕಾರ್ಡು ಇಸಿದುಕೊಂಡು ಬಂದು ಊಟದ ಮೇಜಿನ ಮೇಲೆ ಬಿಡಿಸಿಟ್ಟರು. ಆಕೆಯ ಬೆರಳು ಯಾವ ಬಣ್ಣದ ಮೇಲೆ ನಿಲ್ಲುತ್ತದೋ ನೋಡೋಣವೆಂದು ಪೇಪರಿನ ಮರೆಯಲ್ಲಿ ಕಣ್ಣಿಟ್ಟು ಕೂತರು. ಆಕೆ ಬಂದಳು, ಬಿಸಿ ಪಾತ್ರೆಯನ್ನು ನೇರವಾಗಿ ಅದರ ಮೇಲಿಟ್ಟಳು, ಹೋದಳು. ಪಾತ್ರೆಯ ತಳ ನಿಂಬೆಹಣ್ಣಿನ ಬಣ್ಣದ ಮೇಲೆ ದುಂಡಗೆ ಅಚ್ಚಾಗಿತ್ತು. ಇದು ಸೂಚನೆಯೋ ಬರೀ ಪಾತ್ರೆಯೋ ಎಂದು ಮಾಸ್ಟರು ದಿನವಿಡೀ ತಲೆ ಕೆರೆದುಕೊಂಡರು.

ಆಮೇಲೆ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಬಣ್ಣ ತಂದು ಮನೆಯ ಸಾಮಾನುಗಳಿಗೆ ಹಚ್ಚತೊಡಗಿದರು. ಬಕೆಟ್ಟು ಆಕಾಶ ನೀಲಿಯಾಯಿತು, ಸ್ಟೂಲು ಗಿಳಿಹಸಿರಾಯಿತು, ಇಸ್ತ್ರಿ ಮೇಜಿನ ಕಾಲುಗಳು ಕೆಂಪಾದವು, ಬಾಗಿಲ ಬಳಿಯ ಟಪಾಲು ಡಬ್ಬಿ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಒಂದೊಂದನ್ನು ಕಂಡಾಗಲೂ ಆಕೆಯ ಮುಖವನ್ನು ಓದಲು ನೋಡಿದರು. ಮುಖದಲ್ಲಿ ಓದುವಂಥದ್ದೇನೂ ಬರೆದಿರಲಿಲ್ಲ. ಕೊನೆಗೊಂದು ದಿನ, ಮನೆ ಹುಚ್ಚನ ತೇಪೆ ಪ್ಯಾಂಟಿನ ಹಾಗಾಗಿದೆ ಎಂದಷ್ಟೇ ಹೇಳಿ ಸ್ಟೂಲಿನ ಮೇಲೆ ಹಳೇ ಟವೆಲು ಹಾಸಿ ಕೂತಳು. ಬಣ್ಣ ಇನ್ನೂ ಅಂಟುತ್ತಿತ್ತು.

ಈ ನಡುವೆ ಅಭಿಪ್ರಾಯ ಕೇಳುವ ಚಟವೂ ಅಂಟಿಕೊಂಡಿತು. ಕ್ಷೌರದವನು ಕಪ್ಪು ಅಂದ. ಅಂಚೆಯವನು ಕೆಂಪು ಅಂದ. ಅವನಿಂದ ಬೇರೇನು ಬರುತ್ತದೆ. ಗುಂಡಿ ಮಾರುವವನು ತನ್ನಲ್ಲಿ ಮಿಕ್ಕಿದ್ದ ಗುಂಡಿಗಳ ಬಣ್ಣವನ್ನೇ ಹೇಳಿದ. ಪ್ಯಾಂಟಿನ ಅಳತೆ ಕೊಡಲು ಬಂದ ದಂತವೈದ್ಯರು ಬಿಳಿ ಹಚ್ಚಿ, ದಿನಾ ಎರಡು ಸಲ ಉಜ್ಜಿ ಎಂದು ತಮ್ಮದೇ ಜೋಕಿಗೆ ತಾವೇ ನಕ್ಕರು. ಮಾಸ್ಟರು ಎಲ್ಲರ ಮಾತಿಗೂ ತಲೆಯಾಡಿಸಿದರು. ಊರಿನಲ್ಲಿ ಅವರು ಕೇಳದೆ ಬಿಟ್ಟವರು ಒಬ್ಬರೇ.

ಕೊನೆಗೆ ಭಾವಮೈದನನ್ನು ಛೂ ಬಿಟ್ಟರು. ಹೆಂಡತಿಯ ತಮ್ಮ, ಬ್ರೆಡ್ ಸಾಗಿಸುವ ವ್ಯಾನ್ ಓಡಿಸುತ್ತಿದ್ದ, ಅಕ್ಕನನ್ನು ಕಂಡರೆ ಪ್ರೀತಿಗಿಂತ ಹೆದರಿಕೆ ಹೆಚ್ಚು. ಹಳೆಯ ಪ್ಯಾಂಟೊಂದನ್ನು ಸೊಂಟದಲ್ಲಿ ಸಡಿಲ ಮಾಡಿಕೊಡುವ ಮಾತಿನ ಮೇಲೆ ಒಪ್ಪಿದ. ಅಡುಗೆಮನೆಗೆ ಹೋದವನು ಹೋದ ವೇಗದಲ್ಲೇ ಹೊರಬಂದ.

"ಭಾವ, ಕೇಳ್ದೆ," ಎಂದ. "'ನಿಮ್ಮ ಭಾವಂಗೆ ಹೇಳಿದ್ದೀನಿ, ಅವ್ರು ಹ್ಞೂಂ ಅಂದಿದ್ದಾರೆ' ಅಂದ್ಲು. ಅಷ್ಟೇ. ಮುಖ ನೋಡಿ ಇನ್ನೊಂದು ಸಲ ಕೇಳೋ ಧೈರ್ಯ ಬರ್ಲಿಲ್ಲ."

ಮಾಸ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹಾಗಾದರೆ ಆಕೆಗೆ ನೆನಪಿದೆ. ಹ್ಞೂಂ ಅಂದದ್ದೂ ನೆನಪಿದೆ. ಕಾದು ನೋಡುತ್ತಿದ್ದಾಳೆ.

ಅತ್ತ ಪೇಂಟರು ಬಾಗಿಲು ಬಡಿಯತೊಡಗಿದ್ದರು. ಮಳೆ ಶುರುವಾದರೆ ಬಣ್ಣ ಹಿಡಿಯುವುದಿಲ್ಲ, ಈ ವಾರ ಗಾಡಿ ತಂದು ನಿಲ್ಲಿಸಿದರೆ ಸರಿ, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಬನ್ನಿ ಎಂದು ಹೇಳಿಹೋದರು. ದಿನವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿಯುವ ಮನುಷ್ಯ. ಮಾತು ಕಡಿಮೆ, ಮೂಗಿನ ಬಟ್ಟೆ ಬಿಚ್ಚಿದಾಗಲೂ ಬಾಯಿ ಕಟ್ಟಿದ ಹಾಗೇ ಇರುತ್ತಿದ್ದರು.

ಆ ಸಂಜೆ ಮಾಸ್ಟರು ಕುರ್ಚಿಯಲ್ಲಿ ಮುದುಡಿ ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಮೊಳೆಗೆ ನೇತುಹಾಕಿದ್ದ ಹೆಂಡತಿಯ ಕೋಟು. ಮದುವೆಯಾದ ಹೊಸದರಲ್ಲಿ ಅವರೇ ಬಟ್ಟೆ ಆರಿಸಿ ಹೊಲಿದು ಕೊಟ್ಟ ಕೋಟು. ಈಗಲೂ ಆಕೆ ಹೊರಗೆ ಹೊರಟರೆ ಅದೇ. ಬೆಳ್ಳಗೂ ಅಲ್ಲದ ಕಪ್ಪಗೂ ಅಲ್ಲದ, ಕಣ್ಣಿಗೆ ತಂಪಾದ ಬೂದಿ ಬಣ್ಣ. ಅದನ್ನು ಆಕೆ ಜೋಪಾನ ಮಾಡಿದ ರೀತಿಯೋ! ಬಿಸಿಲು ಬಿದ್ದರೆ ಸಾಕು, ಹಗ್ಗಕ್ಕೆ ಹಾಕಿ ಆ ಕಡೆ ಈ ಕಡೆ ತಿರುವಿ ತಿರುವಿ ಒಣಗಿಸುತ್ತಿದ್ದಳು. ತಾವು ಹೊಲಿದ ಕೋಟಿನ ಮೇಲೆ ಇಷ್ಟು ಪ್ರೀತಿಯೇ ಎಂದು ಮಾಸ್ಟರು ಎಷ್ಟೋ ಸಲ ಎದೆಯುಬ್ಬಿಸಿಕೊಂಡಿದ್ದರು. ಹೊಳೆದುಬಿಟ್ಟಿತು. ಇನ್ಯಾವ ಬಣ್ಣ ಹೇಳಿರುತ್ತಾಳೆ ಆಕೆ? ಇದೇ. ಕಣ್ಣೆದುರಿಗೇ ಇದ್ದದ್ದನ್ನು ಬಿಟ್ಟು ಬಕೆಟ್ಟಿಗೆ ಬಣ್ಣ ಬಳಿದ ತಮ್ಮ ದಡ್ಡತನಕ್ಕೆ ನಗುವೂ ಬಂತು.

ಮರುದಿನ ಆಕೆ ಸ್ನಾನಕ್ಕೆ ಹೋದದ್ದೇ ತಡ, ಮಾಸ್ಟರು ಕತ್ತರಿ ಹಿಡಿದು ಕೋಟಿನ ಹತ್ತಿರ ಬೆಕ್ಕಿನ ಹೆಜ್ಜೆ ಇಟ್ಟರು. ಬಟ್ಟೆಯ ಮುಖಕ್ಕೆ ಕತ್ತರಿ ತಾಗಿಸುವುದು ದರ್ಜಿಯಾದವನಿಂದ ಆಗುವ ಕೆಲಸವಲ್ಲ. ಅಭ್ಯಾಸಬಲದಿಂದ ಕೈ ಅಂಚಿನ ಒಳಮಡಿಕೆಗೆ ಹೋಯಿತು. ಮುಂದೆಂದಾದರೂ ಉದ್ದ ಮಾಡಲಿಕ್ಕೆಂದು ಒಳಗೆ ಬಿಟ್ಟಿರುತ್ತಾರಲ್ಲ, ಆ ಬಟ್ಟೆಗೆ. ಹೊಲಿಗೆ ಬಿಚ್ಚಿ, ಬೆರಳಲ್ಲೇ ತಡವಿ, ಚಕ್ಕನೆ ಒಂದು ತುಂಡು ಕತ್ತರಿಸಿದರು. ಅಷ್ಟರಲ್ಲಿ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ತುಂಡನ್ನು ನೋಡುವ ವ್ಯವಧಾನವೆಲ್ಲಿ? ಕಾಗದದಲ್ಲಿ ಮಡಚಿ ಜೇಬಿಗೆ ತುರುಕಿ ಸೀದಾ ಪೇಂಟರ ಬಳಿಗೆ ಓಡಿದರು.

"ಬೂದಿ ಬಣ್ಣ," ಎಂದು ಪೊಟ್ಟಣ ಕೈಗಿಟ್ಟರು. "ಇದರ ಹಾಗೇ ಬರ್ಬೇಕು. ಚೂರೂ ಆಚೀಚೆ ಆಗ್ಬಾರ್ದು."

ಪೇಂಟರು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ತಲೆಯಾಡಿಸಿದರು. ಬಣ್ಣ ಒಣಗಿ, ಪಾಲಿಶ್ ಆಗುವವರೆಗೆ ಇತ್ತ ತಲೆ ಹಾಕಬೇಡಿ ಎಂದರು. ಅಂದೇ ಕಾರನ್ನು ಅವರ ಶೆಡ್ಡಿಗೆ ಬಿಟ್ಟುಬಂದ ಮಾಸ್ಟರೂ ಹಾಕಲಿಲ್ಲ. ಆ ದಿನಗಳಷ್ಟೂ ಮಿಷನ್ನಿನ ಮುಂದೆ ಸಿಳ್ಳೆ ಹಾಕುತ್ತಾ ಕೂತಿದ್ದರು. ಹೆಂಡತಿ ಎಂದಿನಂತೆ ಮಾತಾಡುತ್ತಿದ್ದಳು. ಇವರು ಎಂದಿನಂತೆ ಹ್ಞೂಂಗುಡುತ್ತಿದ್ದರು.

ಹೇಳಿ ಕಳಿಸಿದ ದಿನ ಹೋಗಿ ನೋಡಿದರೆ ಪೇಂಟರ ಶೆಡ್ಡಿನ ನಡುವೆ ಒಂದು ಬದನೆಕಾಯಿ ನಿಂತಿತ್ತು. ಚಕ್ರವಿರುವ ಬದನೆಕಾಯಿ. ಕಡು ನೇರಳೆ, ಮೇಲೆ ಕನ್ನಡಿಯಂಥ ಹೊಳಪು. ಬಾನೆಟ್ಟಿನ ಮೇಲೆ ಮಾಸ್ಟರ ಪೆಚ್ಚುಮೋರೆ ಮೂಗು ಅಗಲಿಸಿಕೊಂಡು ಅವರನ್ನೇ ನೋಡುತ್ತಿತ್ತು. ಯಾರ ಗಾಡಿ ಇದು ಎಂದು ಕೇಳಲು ಬಾಯಿ ತೆರೆದವರಿಗೆ ಕಿಟಕಿಯೊಳಗೆ ತಾವೇ ಹೊಲಿದ ಸೀಟುಗಳು ಕಂಡವು.

ನಾನು ಹೇಳಿದ್ದು ಬೂದಿ ಬಣ್ಣವಲ್ಲವೇ ಎಂದು ದನಿ ಎತ್ತಿದರು. ಪೇಂಟರು ಮೂಗಿನ ಬಟ್ಟೆ ಕೆಳಗೆಳೆದರು, ಜೇಬಿನಿಂದ ಆ ತುಂಡು ತೆಗೆದು ಬಾನೆಟ್ಟಿನ ಮೇಲಿಟ್ಟರು. ಇಟ್ಟ ತುಂಡು ಎಲ್ಲಿದೆ ಎಂದೇ ಕಾಣಲಿಲ್ಲ, ಅಷ್ಟು ಸರಿಯಾಗಿ ಸೇರಿಕೊಂಡಿತು.

"ಹೇಳಿದ್ದು ಬೂದಿ, ಕೊಟ್ಟಿದ್ದು ಬದನೆ," ಎಂದರು. "ಬಾಯಲ್ಲಿ ಬಣ್ಣ ಹೇಳ್ಬೇಡಿ, ತುಂಡು ತನ್ನಿ ಅಂತ ನಿಮ್ಮಂಗ್ಡೀಲಿ ನನ್ನ ವಾಪಸ್ ಕಳ್ಸಿದ್ರಲ್ಲ ಮಾಸ್ಟರೇ. ಅದಕ್ಕೇ ತುಂಡನ್ನ ನಂಬ್ದೆ."

ಮಾಸ್ಟರಿಗೆ ಇಂಗು ತಿಂದ ಮಂಗನ ಹಾಗಾಯಿತು. ಒಳಮಡಿಕೆಯ ಬಟ್ಟೆ ಬಿಸಿಲು ಕಾಣದ್ದು, ಹೊಸತಿದ್ದ ಹಾಗೇ ಉಳಿದಿರುತ್ತದೆ. ಇದು ಹೊಲಿಗೆ ಕಲಿಯಲು ಕೂತ ಮೊದಲ ವಾರವೇ ಯಾರಿಗಾದರೂ ಗೊತ್ತಾಗುವ ಸಂಗತಿ. ಮದುವೆಯ ಹೊಸದರಲ್ಲಿ ಆ ಕೋಟು ಹೀಗಿತ್ತು ಎಂಬುದೇ ಅವರಿಗೆ ಮರೆತುಹೋಗಿತ್ತು. ದಿನಾ ನೋಡುತ್ತಾ ನೋಡುತ್ತಾ ಅದು ಮಾಸಿದ್ದೇ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮ್ಯಾಚಿಂಗ್ ಮಾಸ್ಟರಂತೆ!

ಕಾರನ್ನು ಮನೆಗೆ ತರುವ ದಾರಿಯಲ್ಲಿ ಕ್ಷೌರದವನು ಕತ್ತರಿ ಹಿಡಿದೇ ಹೊರಬಂದು, ಮಾಸ್ಟರೇ ತರಕಾರಿ ವ್ಯಾಪಾರ ಯಾವಾಗಿನಿಂದ ಎಂದು ಕೇಳಿದ. ಮಾಸ್ಟರು ಗಾಜು ಏರಿಸಲು ನೋಡಿದರು. ಅದು ಅರ್ಧಕ್ಕೇ ನಿಂತಿತು. ಹೆಂಡತಿಗೆ ಏನು ಹೇಳುವುದು? ಪೇಂಟರು ತಪ್ಪು ಮಾಡಿದರು ಎನ್ನಬಹುದು. ನೆರಳಲ್ಲಿ ಹೀಗೆ ಕಾಣುತ್ತದೆ, ಒಣಗಿದರೆ ಸರಿಹೋಗುತ್ತದೆ ಎನ್ನಬಹುದು. ನೀನು ಹೇಳಿದ್ದು ಇದೇ ಅಲ್ಲವೇ ಎಂದು ಆಕೆಯ ಮೇಲೇ ತಿರುಗಿಸಿಬಿಡಬಹುದು. ಒಂದೊಂದಕ್ಕೂ ಬಣ್ಣ ಕಟ್ಟಿ ನೋಡಿದರು, ಯಾವುದೂ ನಿಲ್ಲಲಿಲ್ಲ.

ಗೇಟಿನ ಮುಂದೆ ಹಾರನ್ ಒತ್ತುವ ಮೊದಲೇ ಹೆಂಡತಿ ಹೊರಗೆ ಬಂದಿದ್ದಳು. ಕೈಯಲ್ಲಿ ಆ ಕೋಟು. ಅಂಚನ್ನು ಒಳಮಗ್ಗುಲು ಹೊರಗಾಗುವಂತೆ ತಿರುವಿ ಹಿಡಿದಿದ್ದಳು. ಕತ್ತರಿಸಿದ ಜಾಗದ ಸುತ್ತ ನೇರಳೆ ಬಣ್ಣ ನಿಚ್ಚಳವಾಗಿ ಕಾಣುತ್ತಿತ್ತು. ಆಕೆ ಕೋಟು ನೋಡಿದಳು, ಕಾರು ನೋಡಿದಳು, ಆಮೇಲೆ ಮಾಸ್ಟರನ್ನು ನೋಡಿದಳು. ಜೋಡಿಸಿಟ್ಟಿದ್ದ ಸುಳ್ಳುಗಳೆಲ್ಲ ಮಾಸ್ಟರ ಬಾಯಲ್ಲೇ ಕರಗಿಹೋದವು. ಎಂಜಿನ್ ನಿಲ್ಲಿಸಿ ಇಳಿದರು.

"ನೀನು ಅವತ್ತು ಏನು ಹೇಳ್ದೆ ಅಂತ ನಂಗೆ ಗೊತ್ತಿಲ್ಲ," ಎಂದರು. "ಹ್ಞೂಂ ಅಂದೆ, ಆದ್ರೆ ಕೇಳಿಸ್ಕೊಂಡಿರ್ಲಿಲ್ಲ. ಮಿಷನ್ ಓಡ್ತಾ ಇತ್ತು."

"ಮಿಷನ್ ನಿಂತಿತ್ತು," ಎಂದಳು ಆಕೆ. "ಬಾಯಲ್ಲಿ ಸೂಜೀನೂ ಇರ್ಲಿಲ್ಲ. ಅದನ್ನ ನೋಡ್ಕೊಂಡೇ ಹೇಳ್ದೆ."

"ಯಾವ ಬಣ್ಣ ಹೇಳಿದ್ದೆ?"

"ಬಣ್ಣ ಎಲ್ಲಿ ಹೇಳ್ದೆ? ತಗಡಿಗೆ ಯಾವ ಬಣ್ಣ ಆದ್ರೂ ಹಚ್ಚಿ, ಹಚ್ಚೋ ಮುಂಚೆ ನನ್ನ ಒಂದು ಮಾತು ಕೇಳಿ ಅಂದೆ. ನೆನಪಿರುತ್ತಲ್ಲ ಅಂತ್ಲೂ ಕೇಳ್ದೆ."

ಅಷ್ಟು ಹೇಳಿ ಕೋಟನ್ನು ಮಡಚಿಕೊಂಡು ಒಳಗೆ ಹೋದಳು.

ಮಾಸ್ಟರು ಬದನೆಕಾಯಿಯ ಪಕ್ಕ ನಿಂತೇ ಇದ್ದರು. ಕ್ಷೌರದವನು, ಅಂಚೆಯವನು, ಗುಂಡಿಯವನು, ದಂತವೈದ್ಯರು ಒಬ್ಬೊಬ್ಬರೇ ಕಣ್ಣಮುಂದೆ ಬಂದರು. ಹಲ್ಲು ಕೀಳುವವ ಹೇಳಿದ ಬಣ್ಣಕ್ಕೂ ತಲೆಯಾಡಿಸಿದವರು ಎದುರಿನ ಕುರ್ಚಿಯತ್ತ ಕತ್ತು ಎತ್ತಿರಲಿಲ್ಲ. ಒಳಗಿನಿಂದ ಏನಾದರೂ ಕೇಳಿಸುತ್ತದೆಯೇ ಎಂದು ಕಿವಿಗೊಟ್ಟರು. ಬೈಗುಳವಾದರೂ ಬರಲಿ ಎಂದು ಕಾದರು. ಕುರ್ಚಿ ಎಳೆದ ಸದ್ದು ಬಂತು, ಅಷ್ಟೇ. ತಮ್ಮದೇ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಅವರು ಕೇಳಿರಲಿಲ್ಲ. ಹೋಯಿತು, ಇನ್ನು ಗೋಡೆಯ ಪಾಲು ಎಂದುಕೊಂಡರು.

ಒಳಗೆ ಹೋದರು. ಆಕೆ ತನ್ನ ಜಾಗದಲ್ಲಿ ಕೂತು ಕೋಟಿನ ಕತ್ತರಿಸಿದ ಅಂಚಿಗೆ ಹೊಲಿಗೆ ಹಾಕುತ್ತಿದ್ದಳು. ಮಾಸ್ಟರು ಮಿಷನ್ನಿನ ಹಿಂದಿನ ತಮ್ಮ ಜಾಗಕ್ಕೆ ಹೋಗಲಿಲ್ಲ. ಟವೆಲು ಹಾಸಿದ್ದ ಗಿಳಿಹಸಿರು ಸ್ಟೂಲನ್ನು ಎಳೆದುಕೊಂಡು ಆಕೆಯ ಪಕ್ಕದಲ್ಲೇ ಕೂತರು. ಈ ಮನೆಯಲ್ಲಿ ಎದುರುಬದುರು ಕೂತೇ ಬಾಳಿದವರು. ಪಕ್ಕದಲ್ಲಿ ಕೂತರೆ ಕೈ ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು," ಎಂದರು. "ಕಾರಿನ ಬಣ್ಣ ನಿಂಗೆ ಇಷ್ಟ ಆಯ್ತಾ?"

ಸೂಜಿ ನಿಂತಿತು.

"ಇಲ್ಲ," ಎಂದಳು. "ಈ ಕೋಟಿನ ಮೇಲಿದ್ದಾಗ್ಲೂ ಇಷ್ಟ ಇರ್ಲಿಲ್ಲ. ಬದನೆಕಾಯಿ ಬಣ್ಣ ಅಂದ್ರೆ ನಂಗೆ ಮೊದ್ಲಿಂದ ಆಗಲ್ಲ. ಹೊಲಿಯೋ ಮುಂಚೆ ನೀವು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ, ಹೊಲಿದು ತಂದ್ಬಿಟ್ರಿ. ಹೊಸ ಗಂಡ, ಅಷ್ಟು ಆಸೆಯಿಂದ ತಂದಿದ್ದಾರೆ, ಹೇಗೆ ಬೇಡ ಅನ್ಲಿ? ದಿನಾ ಬಿಸಿಲಿಗೆ ಹಾಕ್ದೆ. ಅದು ಮಾಸಿ ಈ ಬೂದಿ ಬಣ್ಣಕ್ಕೆ ಬರೋಕೆ ಎಷ್ಟು ವರ್ಷ ಕಾದಿದ್ದೀನಿ ಗೊತ್ತಾ? ಈಗ ನೀವು ಅದನ್ನೇ ಕಾರಿನಷ್ಟು ದೊಡ್ಡದು ಮಾಡಿ, ಪಾಲಿಶ್ ಹೊಡ್ಸಿ ಬಾಗಿಲಿಗೆ ತಂದ್ ನಿಲ್ಸಿದ್ದೀರಿ."

ಮಾಸ್ಟರು ಬೆಪ್ಪಾಗಿ ಕೋಟನ್ನೇ ನೋಡಿದರು. ಹಗ್ಗದ ಮೇಲೆ ಆ ಕೋಟನ್ನು ಆಚೀಚೆ ತಿರುವುತ್ತಿದ್ದ ಕೈಗಳು, ಕಿಟಕಿಯಿಂದ ಅದನ್ನು ನೋಡಿ ಎದೆಯುಬ್ಬಿಸಿದ ತಾವು, ಎಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

"ಜೋಪಾನ ಮಾಡ್ತಿದ್ದೀಯ ಅಂದ್ಕೊಂಡಿದ್ದೆ," ಎಂದರು. ಮತ್ತೆ, ಸ್ವಲ್ಪ ತಡೆದು, ಈಗ ಎಲ್ಲವನ್ನೂ ಕೇಳಿಯೇ ಮಾಡಬೇಕಲ್ಲ ಎಂಬ ಗಾಬರಿಯಲ್ಲಿ, "ಹಾಗಾದ್ರೆ ಕಾರನ್ನೂ ಬಿಸಿಲಿಗೆ ಹಾಕ್ಲಾ?" ಎಂದು ಕೇಳಿದರು.

ಆಕೆಗೆ ನಗು ತಡೆಯಲಾಗಲಿಲ್ಲ. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಭುಜ ಕುಲುಕಿತು, ಆಮೇಲೆ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಕಣ್ಣೊರೆಸಿಕೊಂಡು ನಕ್ಕಳು. ಅದು ಮಾಸುವವರೆಗೆ ಬದುಕುವಷ್ಟು ಆಯುಸ್ಸು ತನಗಿಲ್ಲ ಎಂದಳು. ನಕ್ಕು ಮುಗಿದ ಮೇಲೆ ಎದ್ದಳು, ಸೂಜಿ ತೆಗೆದಿಟ್ಟು ಕೋಟು ತೊಟ್ಟಳು.

"ನಡೀರಿ, ಒಂದು ಸುತ್ತು ಹೋಗಿ ಬರೋಣ. ಬಣ್ಣ ಆದ್ಮೇಲೆ ಕೂರ್ತೀನಿ ಅಂದಿದ್ದೆ. ನಾನು ಅಂದಿದ್ದನ್ನ ಮಾಡ್ತೀನಿ."

ಆ ಕೊನೆಯ ಮಾತು ಎಲ್ಲಿಗೆ ತಾಗಬೇಕಿತ್ತೋ ಅಲ್ಲಿಗೇ ತಾಗಿತು. ಮಾಸ್ಟರು ಹೋಗಿ ಆಕೆಯ ಕಡೆಯ ಬಾಗಿಲು ತೆರೆದರು. ಆಕೆ ಕೂತು, ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ಚೆನ್ನಾಗಿದೆ ಎಂದಳು. ಅಷ್ಟು ವರ್ಷದ ಭಾನುವಾರಗಳಿಗೆ ಮಾಸ್ಟರಿಗೆ ಅಷ್ಟೇ ಸಾಕಾಗಿತ್ತು.

ಕಾರು ಬೀದಿ ದಾಟಿತು. ಕ್ಷೌರದವನು ಮತ್ತೆ ಹೊರಬಂದವನು ಪಕ್ಕದಲ್ಲಿ ಕೂತವಳನ್ನು ಕಂಡು ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಎಂಜಿನ್ನಿನ ಆರ್ಭಟ ಕಡಿಮೆಯದಲ್ಲ; ತಗಡೆಲ್ಲ ಅದರ ಜೊತೆ ಹಿಮ್ಮೇಳ ಹಾಕುತ್ತಿತ್ತು. ಅಂಚೆ ಕಚೇರಿಯ ತಿರುವಿನಲ್ಲಿ ಆಕೆ ಇವರ ಕಡೆ ತಿರುಗಿ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ.

ಮಾಸ್ಟರ ಮೂಗಿನ ತುದಿಗೆ ಹ್ಞೂಂ ಬಂದು ನಿಂತಿತು. ಅದೇ ಹಳೆಯದು, ಸಾದಾ, ಅಳತೆಗೆ ಸರಿಯಾದದ್ದು. ಇನ್ನೇನು ಹೊರಬೀಳಬೇಕು, ತಡೆದುಕೊಂಡರು. ಕಾರನ್ನು ಪಕ್ಕಕ್ಕೆ ತೆಗೆದುಕೊಂಡರು. ಚಾಲೂ ಮಾಡಲಿಕ್ಕೆ ಅಷ್ಟು ವರ್ಷ ಒದ್ದಾಡಿದ ಎಂಜಿನ್ನನ್ನು ಕೀಲಿ ತಿರುಗಿಸಿ ನಿಲ್ಲಿಸಿದರು.

"ಏನಂದೆ?" ಎಂದು ಕೇಳಿದರು.

ಆಕೆ ಅವರ ಮುಖ ನೋಡಿದಳು.

"ಏನಿಲ್ಲ. ಈ ಗಾಜು ಪೂರ್ತಿ ಏರಲ್ವಾ ಅಂದೆ."

"ಇಲ್ಲ, ಅದು ಅರ್ಧಕ್ಕೇ ನಿಲ್ಲುತ್ತೆ," ಎಂದರು ಮಾಸ್ಟರು. ಇಷ್ಟು ಸರಿಯಾದ ಉತ್ತರವನ್ನು ಆಕೆಗೆ ಕೊಟ್ಟು ಎಷ್ಟು ಕಾಲವಾಗಿತ್ತೋ.

ಮತ್ತೆ ಕೀಲಿ ತಿರುಗಿಸಿದರೆ ಕಾರು ಕೆಮ್ಮಿತು, ಗುಟುರು ಹಾಕಿತು, ಸುಮ್ಮನಾಯಿತು. ಇನ್ನೊಮ್ಮೆ ಸೆಲ್ಫ್ ಹೊಡೆದರು, ಸದ್ದೇ ಇಲ್ಲ. ಡಬ್ಬಿಯಲ್ಲಿ ಬಚ್ಚಿಟ್ಟ ನಟ್ಟುಗಳು ಮಾಸ್ಟರಿಗೆ ನೆನಪಾದವು. ಹೆಂಡತಿಗೆ ಸ್ಟೀರಿಂಗ್ ಹಿಡಿಯಲು ಹೇಳಿ ತಾವು ಇಳಿದು ಹಿಂದಕ್ಕೆ ಹೋಗಿ ಡಿಕ್ಕಿಗೆ ಹೆಗಲು ಕೊಟ್ಟರು. ಬದನೆಕಾಯಿ ಮೆಲ್ಲಗೆ ಉರುಳಿತು. ಅರ್ಧ ಇಳಿದ ಗಾಜಿನಿಂದ ಆಕೆ ತಲೆ ಹೊರಗೆ ಹಾಕಿ ಮಾತಾಡುತ್ತಲೇ ಇದ್ದಳು. ಪ್ರತಿಸಲವೂ ಮಾಸ್ಟರು ತಳ್ಳುವುದನ್ನು ನಿಲ್ಲಿಸಿ, ಏದುಸಿರು ಬಿಡುತ್ತಾ ಕಿಟಕಿಯ ತನಕ ಬಂದು, ಏನು ಎಂದು ಕೇಳಿ, ಕೇಳಿಸಿಕೊಂಡು, ವಾಪಸು ಹೋಗಿ ತಳ್ಳಿದರು. ಹಾಗಾಗಿ ಮನೆ ಸೇರುವುದು ತಡವಾಯಿತು.

ಬೀದಿಯ ತುದಿಯಲ್ಲಿ ಅವರೇ ನಿಂತು, ಬೆವರೊರೆಸಿಕೊಂಡು, ಕಿಟಕಿಯ ಹತ್ತಿರ ಬಗ್ಗಿದರು.

"ಬಣ್ಣ ಕೆರೆಸಿ ಬೇರೆ ಹಚ್ಚಿಸ್ತೀನಿ. ಯಾವ ಬಣ್ಣ ಹಚ್ಲಿ, ಹೇಳು."

ಆಕೆ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಮುಂದಿನ ರಸ್ತೆ ನೋಡಿದಳು.

"ಯೋಚ್ನೆ ಮಾಡ್ಬೇಕು," ಎಂದಳು. "ನೀವು ತಳ್ಳಿ."